ಅಘನಾಶಿನಿಯ ಕಲ್ಗ



ಮುಂಬಯಿಯಲ್ಲಿ ಹುಟ್ಟಿ ಬೆಳೆದ ನಿಮಗೆ ಊರು ಎಂದರೆ ಬೇಸಿಗೆ ರಜೆಯ ಹದಿನೈದು ದಿನ, ನಡುವೆ ಒಂದು ಮದುವೆ ಇಲ್ಲವೇ ದೇವರಕಾರ್ಯ, ಹೊರಡುವಾಗ ಚೀಲದ ತುಂಬ ಹಪ್ಪಳ, ಮಿಡಿ ಉಪ್ಪಿನಕಾಯಿ, ಕೊಬ್ಬರಿ ಎಣ್ಣೆ. ಅಷ್ಟರಲ್ಲಿ ಊರಿನ ಬಂಧುಗಳ ಪರಿಚಯವಾದೀತು, ಊರಿನ ನೀರಿನ ಪರಿಚಯವಾಗುವುದಿಲ್ಲ. ಆದ್ದರಿಂದ ಈ ಸಲ ನಿಮ್ಮನ್ನು ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲೂಕಿಗೆ, ಅಘನಾಶಿನಿ ನದಿ ಸಮುದ್ರವನ್ನು ಸೇರುವ ಜಾಗಕ್ಕೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ನೋಡಬೇಕಾದದ್ದು ಬಹಳ ಇದೆ. ನಾನು ಮಾತ್ರ ಒಂದೇ ವಸ್ತುವಿನ ಬೆನ್ನು ಹಿಡಿಯುತ್ತೇನೆ: ಕಲ್ಲಿಗೆ ಅಂಟಿಕೊಂಡು ಬೆಳೆಯುವ, ನಮ್ಮ ಮನೆಯವರು ಕಲ್ಲಿನ ಮೇಲೆಯೇ ಒಡೆದು ಹಸಿಯಾಗಿ ತಿನ್ನುತ್ತಿದ್ದ ಒಂದು ಚಿಪ್ಪು.

ನಿಮ್ಮಲ್ಲಿ ಮೀನು ಮುಟ್ಟದ ಮನೆಯವರೂ ಇದ್ದೀರಿ. ನೀವು ಪುಟ ತಿರುಗಿಸಬೇಕಾಗಿಲ್ಲ. ಮಾತು ಕೊನೆಗೆ ಹೋಗಿ ನಿಲ್ಲುವುದು ನೀರಿನ ಹತ್ತಿರ, ಮತ್ತು ನೀರು ಎಲ್ಲರದು.

ಮೊದಲು ಹೆಸರು. ಹೋಟೆಲುಗಳಲ್ಲಿ ನೀವು ಆಯ್‌ಸ್ಟರ್ ಎಂದು ಕೇಳಿರುವುದೇ ಇದು. ಪುಸ್ತಕದ ಕನ್ನಡದಲ್ಲಿ ಸಿಂಪಿ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಕಲ್ಗ ಎನ್ನುತ್ತಿದ್ದರು. ಕೊಂಕಣಿ, ಮರಾಠಿಯವರು ಕಾಲವ ಎನ್ನುವುದೂ ಇದನ್ನೇ. ಇದರ ನೆಂಟ ಬಳಚು. ನಿಮ್ಮ ಬಡಾವಣೆಯ ಮೀನು ಮಾರುಕಟ್ಟೆಯಲ್ಲಿ ಕೋಲಿ ಹೆಂಗಸರು ತಿಸ್ರ್ಯಾ ಎಂದು ಮಾರುವುದು, ಮಂಗಳೂರು ಕಡೆಯ ಗೆಳೆಯರು ಮರುವಾಯಿ ಎಂದು ಬಾಯಿ ಚಪ್ಪರಿಸುವುದು ಈ ಜಾತಿಯ ಚಿಪ್ಪುಗಳನ್ನೇ. ಬಳಚು ಮರಳು ಕೆಸರಿನೊಳಗೆ ಹುದುಗಿರುತ್ತದೆ, ಕಲ್ಗ ಕಲ್ಲನ್ನು ಕಚ್ಚಿಕೊಂಡಿರುತ್ತದೆ. ಬಳಚನ್ನು ಕೈಯಿಂದ ಹೆಕ್ಕಬಹುದು, ಕಲ್ಗಕ್ಕೆ ಸುತ್ತಿಗೆ ಬೇಕು.

ಇನ್ನು ನದಿ. ಅಘನಾಶಿನಿ ಶಿರಸಿಯ ಬಳಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಒಟ್ಟು ಸುಮಾರು 120 ಕಿಲೋಮೀಟರ್ ಹರಿದು ತದಡಿ ಮತ್ತು ಅಘನಾಶಿನಿ ಎಂಬ ಎರಡು ಊರುಗಳ ನಡುವೆ ಅರಬ್ಬಿ ಸಮುದ್ರವನ್ನು ಸೇರುತ್ತದೆ. ಉತ್ತರದ ಕಾಳಿ ನದಿಗೆ ಸೂಪಾ ಅಣೆಕಟ್ಟು ಬಂತು, ದಕ್ಷಿಣದ ಶರಾವತಿಗೆ ಲಿಂಗನಮಕ್ಕಿ ಬಂತು. ನಡುವಿನ ಅಘನಾಶಿನಿಗೆ ಅಂತಹ ದೊಡ್ಡ ಅಣೆಕಟ್ಟು ಯಾವುದೂ ಬರಲಿಲ್ಲ. ಅವಳ ದಡದಲ್ಲಿ ದೊಡ್ಡ ನಗರವೂ ಬೆಳೆಯಲಿಲ್ಲ. ಹೀಗಾಗಿ ಘಟ್ಟದ ಮಳೆನೀರು ತನ್ನ ಕಾಲಕ್ಕೆ ತಾನು ಇಳಿದು ಬರುತ್ತದೆ, ಸಮುದ್ರದ ನೀರು ದಿನಕ್ಕೆ ಎರಡು ಸಲ ಒಳಗೆ ಏರಿ ಹೋಗುತ್ತದೆ. ಉಪ್ಪು ಮತ್ತು ಸಿಹಿ ಎರಡೂ ಕೂಡುವ ಈ ಹಿನ್ನೀರಿನಲ್ಲಿ ಕಾಂಡ್ಲ ಗಿಡಗಳು ಬೆಳೆಯುತ್ತವೆ. ದಡದ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನು ತಡೆದುಕೊಳ್ಳುವ ಕಗ್ಗ ಎಂಬ ಭತ್ತ ಬೆಳೆಯುತ್ತದೆ. ಗಜನಿ ಕಟ್ಟೆಯ ಕಲ್ಲು, ನದೀಮುಖದ ಬಂಡೆ, ಹಳೆಯ ಧಕ್ಕೆಯ ಕಂಬ, ಹೀಗೆ ಗಟ್ಟಿಯಾದದ್ದು ಎಲ್ಲಿದ್ದರೂ ಅಲ್ಲಿ ಕಲ್ಗ.

ನೀವು ಈ ನದಿಯನ್ನು ಆಗಲೇ ದಾಟಿರಬಹುದು. ಕೊಂಕಣ ರೈಲು 1998ರ ಜನವರಿಯಲ್ಲಿ ಪೂರ್ತಿ ಮಾರ್ಗದಲ್ಲಿ ಓಡತೊಡಗಿದ ಮೇಲೆ ನಮ್ಮವರೆಲ್ಲ ಅದರಲ್ಲೇ ಊರಿಗೆ ಹೋಗುತ್ತಾರೆ. ಮತ್ಸ್ಯಗಂಧ ಹತ್ತಿದರೆ ಕುಮಟಾ ತಲುಪುವ ಮೊದಲು ಮಿರ್ಜಾನದ ಹತ್ತಿರ ಸೇತುವೆಯ ಸದ್ದು ಬದಲಾಗುತ್ತದೆ. ಆಗ ನಡುರಾತ್ರಿ ಮೀರಿರುತ್ತದೆ, ನೀವು ಮೇಲಿನ ಬರ್ತಿನಲ್ಲಿ ಗಾಢ ನಿದ್ದೆಯಲ್ಲಿರುತ್ತೀರಿ. ಕೆಳಗೆ ಹರಿಯುವುದು ಅಘನಾಶಿನಿಯೇ.

ನನ್ನ ಅಜ್ಜಿಯ ಮನೆ ನದಿಯ ದಕ್ಷಿಣದ ದಡದಲ್ಲಿ, ಅಘನಾಶಿನಿ ಊರಿನ ಕಡೆಗಿತ್ತು. ಅಪ್ಪ ಮುಂಬಯಿಯಲ್ಲಿ ನೌಕರಿ ಮಾಡಿಕೊಂಡು ಗಿರಗಾಂವದ ಒಂದು ಖೋಲಿಯಲ್ಲಿ ಇನ್ನೂ ನಾಲ್ವರ ಜೊತೆ ಇದ್ದರು. ನಾವು ಮಕ್ಕಳು ಅಮ್ಮನ ಜೊತೆ ಊರಿನಲ್ಲಿ. 1960ರ ದಶಕದಲ್ಲಿ ನಮ್ಮ ಸೀಮೆಯ ಎಷ್ಟೋ ಮನೆಗಳ ಕತೆ ಇದೇ. ನಿಮ್ಮ ಅಜ್ಜಂದಿರನ್ನು ಕೇಳಿ ನೋಡಿ, ಅವರೂ ಹೀಗೊಂದು ಖೋಲಿಯ ಲೆಕ್ಕ ಹೇಳಿಯಾರು. ಅಪ್ಪ ವರ್ಷಕ್ಕೊಮ್ಮೆ, ಮೇ ತಿಂಗಳಿನಲ್ಲಿ, ಮೂರು ವಾರಕ್ಕೆ ಬರುತ್ತಿದ್ದರು. ಬಂದ ಮರುದಿನ ಅವರು ಕೇಳುತ್ತಿದ್ದ ಮೊದಲ ಪ್ರಶ್ನೆ: “ಇಳಿತ ಎಷ್ಟು ಹೊತ್ತಿಗೆ?”

ಉತ್ತರ ಹೇಳುತ್ತಿದ್ದವಳು ಅಜ್ಜಿ. ಅವಳಿಗೆ ಓದು ಬರಹ ಬರುತ್ತಿರಲಿಲ್ಲ, ಗಡಿಯಾರ ನೋಡುವ ಅಭ್ಯಾಸವೂ ಇರಲಿಲ್ಲ. ತಿಥಿ ಗೊತ್ತಿತ್ತು, ಅಷ್ಟು ಸಾಕಾಗಿತ್ತು. “ಇವತ್ತು ತದಿಗೆ. ಚಾ ಕುಡಿದು ಹೋದ್ರೆ ಸಾಕು ತಮಾ, ನೀರು ಇಳಿದಿರ್ತದೆ” ಎನ್ನುತ್ತಿದ್ದಳು.

ಇದರ ಹಿಂದಿನ ಲೆಕ್ಕ ನೀವೂ ತಿಳಿದಿರಬೇಕು, ಏಕೆಂದರೆ ನೀವಿರುವುದೂ ಸಮುದ್ರದ ದಡದಲ್ಲಿಯೇ. ಉಬ್ಬರ ಮತ್ತು ಇಳಿತ ಪ್ರತಿದಿನ ಸುಮಾರು ಐವತ್ತು ನಿಮಿಷ ತಡವಾಗುತ್ತಾ ಹೋಗುತ್ತವೆ. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನಲ್ಲಿ ಸೂರ್ಯ, ಚಂದ್ರ ಒಂದೇ ಗೆರೆಯಲ್ಲಿ ನಿಂತು ಎಳೆಯುವುದರಿಂದ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಸುತ್ತ ಎರಡೂ ಕಡಿಮೆ. ನಮ್ಮ ಕಡೆ ಹುಣ್ಣಿಮೆಯ ದಿನ ಬೆಳಗಿನ ಜಾವ ಒಂದು ಇಳಿತ, ಸಂಜೆ ಒಂದು ಇಳಿತ. ಅಲ್ಲಿಂದ ತಿಥಿ ಎಣಿಸಿಕೊಂಡು ಮುಂದಕ್ಕೆ ಹೋದರೆ ಆಯಿತು. ಮುಂಬಯಿಯಲ್ಲಿ ದೊಡ್ಡ ಉಬ್ಬರದ ದಿನ ನೀರು ನಾಲ್ಕು ಮೀಟರಿಗೂ ಮೇಲೆ ಬಂದು ಮರೀನ್ ಡ್ರೈವಿನ ರಸ್ತೆಗೆ ಹಾರುತ್ತದೆ. ಕುಮಟೆಯ ಕಡೆ ಏರಿಳಿತ ಅದರ ಅರ್ಧದಷ್ಟು. ಆ ಅರ್ಧದಲ್ಲೇ ಒಂದು ಊರಿನ ಊಟ ತೆರೆದುಕೊಳ್ಳುತ್ತದೆ.

ಹೊರಡುವಾಗ ಅಜ್ಜನ ಕೈಯಲ್ಲಿ ಸಣ್ಣ ಸುತ್ತಿಗೆ, ತುಕ್ಕು ಹಿಡಿದ ಉಳಿ. ಅಪ್ಪನ ಅಂಗಿಯ ಜೇಬಿನಲ್ಲಿ ನಾಲ್ಕು ಲಿಂಬೆಹಣ್ಣು, ಒಂದು ಚಾಕು. ಅಮ್ಮ ಮತ್ತು ಸೋದರತ್ತೆಯ ಸೊಂಟದಲ್ಲಿ ಬುಟ್ಟಿ. ನಮಗೆಲ್ಲ ಹಳೆಯ ಚಪ್ಪಲಿ ಕಡ್ಡಾಯ. ಕಲ್ಗದ ಅಂಚು ಒಡೆದ ಗಾಜಿನ ಹಾಗೆ, ಕಾಲಿಗೆ ತಾಗಿದರೆ ರಕ್ತ ಬಂದ ಮೇಲೆಯೇ ನೋವು ತಿಳಿಯುವುದು.

ಬಂಡೆಯ ಮೇಲೆ ಕಲ್ಗವನ್ನು ಗುರುತಿಸುವುದು ಹೊಸಬರಿಗೆ ಸುಲಭವಲ್ಲ. ಅದು ಕಲ್ಲಿನದೇ ಬಣ್ಣ, ಕಲ್ಲಿನದೇ ಒರಟು. ಕೆಳಗಿನ ಚಿಪ್ಪು ಬಂಡೆಗೆ ಗಾರೆ ಹಾಕಿದಂತೆ ಅಂಟಿರುತ್ತದೆ, ಮೇಲಿನದು ಮುಚ್ಚಳ. ಎರಡು ಚಿಪ್ಪು ಕೂಡುವ ಸಂದಿಗೆ ಉಳಿ ಇಟ್ಟು ಒಂದು ಪೆಟ್ಟು ಕೊಟ್ಟರೆ ಮುಚ್ಚಳ ಏಳುತ್ತದೆ. ಕೆಳಗಿನ ಚಿಪ್ಪು ಬಂಡೆಯ ಮೇಲೆಯೇ ಉಳಿದು ತಟ್ಟೆಯಾಗುತ್ತದೆ. ಅದರಲ್ಲಿ ಸ್ವಲ್ಪ ನೀರು, ಆ ನೀರಿನಲ್ಲಿ ಬೂದು ಬಿಳುಪಿನ ಮೆತ್ತನೆಯ ಜೀವ, ಅಂಚಿನಲ್ಲಿ ಕಪ್ಪು ನಿರಿಗೆ. ಚಾಕುವಿನ ತುದಿಯಿಂದ ಬಿಡಿಸಿ ಬಾಯಿಗೆ ಹಾಕಿಕೊಳ್ಳುವುದು.

ಮೊದಲನೆಯದು ಯಾವಾಗಲೂ ಅಜ್ಜನದು. ಅವರು ಲಿಂಬೆ ಹಿಂಡುತ್ತಿರಲಿಲ್ಲ. ಒಂದನ್ನು ತಿಂದು, ಸಮುದ್ರದ ಕಡೆ ನೋಡುತ್ತ ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತಿದ್ದರು. ಆಮೇಲೆ “ಹ್ಞಾಂ, ತಿನ್ನಿ” ಎನ್ನುತ್ತಿದ್ದರು. ಬಾಲ್ಯದಲ್ಲಿ ನಮಗೆ ಅದು ಹಿರಿಯರ ಗತ್ತಿನಂತೆ ಕಾಣುತ್ತಿತ್ತು. ಅವರು ನೋಡುತ್ತಿದ್ದದ್ದು ನೀರಿನ ರುಚಿಯನ್ನು. ಉಪ್ಪು ಸಾಕಷ್ಟಿದೆಯೇ, ಕೆಸರಿನ ವಾಸನೆ ಇದೆಯೇ, ಎಣ್ಣೆಯ ಸೋಂಕು ಇದೆಯೇ ಎಂದು ನಾಲಿಗೆಯಿಂದಲೇ ಪರೀಕ್ಷೆ. ಎರಡು ಮೂರು ಸಲ ಅವರು “ಬೇಡ, ಇವತ್ತು ಬೇಯಿಸುವಾ” ಎಂದದ್ದೂ ಉಂಟು. ಆಗ ಯಾರೂ ಎದುರಾಡುತ್ತಿರಲಿಲ್ಲ.

ರುಚಿ ಹೇಗಿತ್ತು ಎಂದು ಕೇಳುತ್ತೀರಿ. ಮೊದಲು ಸಮುದ್ರದ ಉಪ್ಪು. ಆಮೇಲೆ ಎಳನೀರಿನ ಗಂಜಿಯಂತಹ ಒಂದು ತೆಳು ಸಿಹಿ. ನುಂಗಿದ ಮೇಲೆ ತಾಮ್ರದ ತಂಬಿಗೆಯ ನೀರು ಕುಡಿದಂತೆ ಏನೋ ಒಂದು ನಾಲಿಗೆಯ ಮೇಲೆ ಉಳಿಯುತ್ತದೆ. ಮೇ ತಿಂಗಳಿನಲ್ಲಿ ನದಿಗೆ ಸಿಹಿನೀರು ಕಡಿಮೆ, ಆದ್ದರಿಂದ ಕಲ್ಗ ಹೆಚ್ಚು ಉಪ್ಪು. ಅಪ್ಪ ಲಿಂಬೆ ಹಿಂಡಿ, ಒಂದು ಅಜ್ಜನಿಗೆ, ಒಂದು ಅಕ್ಕನಿಗೆ, ಒಂದು ನನಗೆ ಎಂದು ಸರದಿಯಲ್ಲಿ ಕೊಡುತ್ತಿದ್ದರು. ತಂಗಿ ಮುಖ ಕಿವುಚಿ ಓಡುತ್ತಿದ್ದಳು. ಅತ್ತೆ ಮಾತಿಲ್ಲದೆ ಒಂದರ ಮೇಲೊಂದು ತಿನ್ನುತ್ತಿದ್ದಳು. ಅಮ್ಮ ಹಸಿಯದನ್ನು ಮುಟ್ಟುತ್ತಿರಲಿಲ್ಲ, ತನ್ನ ಪಾಲನ್ನು ಬುಟ್ಟಿಗೆ ಹಾಕಿಕೊಳ್ಳುತ್ತಿದ್ದಳು. ಮಧ್ಯಾಹ್ನ ಆ ಬುಟ್ಟಿಯದು ತೆಂಗಿನಕಾಯಿ, ಒಣಮೆಣಸು, ಮುರುಗಲ ಹುಳಿಯ ಜೊತೆ ಸಾರಾಗುತ್ತಿತ್ತು. ಬಳಚು ಸಿಕ್ಕಿದ್ದರೆ ಅದಕ್ಕೆ ಹಲಸಿನ ಬೀಜ ಬೀಳುತ್ತಿತ್ತು.

ಅಪ್ಪ ಮಾತು ಕಡಿಮೆಯ ಮನುಷ್ಯ. ವರ್ಷದ ಹನ್ನೊಂದು ತಿಂಗಳು ದೂರವಿದ್ದು ಬಂದವರಿಗೆ ಮಕ್ಕಳ ಜೊತೆ ಏನು ಮಾತಾಡಬೇಕೆಂಬುದೂ ಕಷ್ಟವೇ. ಬಂಡೆಯ ಮೇಲೆ ಆ ಕಷ್ಟವಿರಲಿಲ್ಲ. ಅವರು ಚಾಕುವಿನ ತುದಿಯಲ್ಲಿ ಹಿಡಿದು ಕೊಡುತ್ತಿದ್ದರು, ನಾವು ಬಾಯಿ ತೆರೆಯುತ್ತಿದ್ದೆವು. ಅಪ್ಪನ ಕೈತುತ್ತು ಎಂದು ನನಗೆ ನೆನಪಿರುವುದು ಅದೊಂದೇ.

ಈ ಊಟಕ್ಕೆ ಕಟ್ಟಳೆಗಳಿದ್ದವು. ಹೆಬ್ಬೆರಳಿಗಿಂತ ಸಣ್ಣದನ್ನು ಒಡೆಯಬಾರದು. ಒಂದೇ ಬಂಡೆಯನ್ನು ಪೂರ್ತಿ ಬೋಳು ಮಾಡಬಾರದು. ಮೊದಲ ಮಳೆ ಬಿದ್ದು ನದಿ ಕೆಂಪಾದ ಮೇಲೆ ಯಾರೂ ಹಸಿಯದನ್ನು ತಿನ್ನಬಾರದು. ಉಬ್ಬರ ತಿರುಗಿದೊಡನೆ ಎದ್ದು ಬರಬೇಕು. ನಮ್ಮದಾದರೂ ವರ್ಷಕ್ಕೆ ಕೆಲವು ದಿನದ ಹಬ್ಬ. ಆ ಹಿನ್ನೀರಿನ ದಡದ ಅಂಬಿಗರು, ಹರಿಕಂತ್ರರು, ಹಾಲಕ್ಕಿಗಳು ಮತ್ತು ಇತರ ಎಷ್ಟೋ ಮನೆಗಳವರಿಗೆ ಚಿಪ್ಪು ಹೆಕ್ಕುವುದು ಇಂದಿಗೂ ಜೀವನೋಪಾಯ. ಎದೆಮಟ್ಟದ ನೀರಿನಲ್ಲಿ ನಿಂತು, ಕಾಲಿನಿಂದ ತಡವಿ, ಮುಳುಗಿ ತೆಗೆದ ಬಳಚು ಕುಮಟಾ, ಅಂಕೋಲಾ ಸಂತೆಗೂ ಗೋವೆಗೂ ಹೋಗುತ್ತದೆ. ತಿಂದುಳಿದ ಚಿಪ್ಪನ್ನು ಸುಟ್ಟು ಸುಣ್ಣ ಮಾಡುತ್ತಿದ್ದರು. ನಮ್ಮ ಅಜ್ಜಿಯ ಎಲೆಯಡಿಕೆಗೆ ಸವರುತ್ತಿದ್ದ ಸುಣ್ಣವೂ ಅದೇ ನದಿಯದು.

ಈಗ ವಿಷಯಕ್ಕೆ ಬರುತ್ತೇನೆ. ನಾನು 1973ರಲ್ಲಿ ಕೆಲಸ ಹುಡುಕಿಕೊಂಡು ಮುಂಬಯಿಗೆ ಬಂದೆ. ಒಂದು ಭಾನುವಾರ ಅಪ್ಪನ ಜೊತೆ ಬಾಂದ್ರಾದ ಬ್ಯಾಂಡ್‌ಸ್ಟ್ಯಾಂಡಿಗೆ ಹೋಗಿದ್ದೆ. ಇಳಿತದ ಹೊತ್ತು. ಕೆಲವು ಹೆಂಗಸರು ಕಪ್ಪು ಬಂಡೆಗಳ ಮೇಲೆ ಕುಳಿತು ಕಾಲವ ಒಡೆಯುತ್ತಿದ್ದರು. ಅದೇ ಉಳಿ, ಅದೇ ಪೆಟ್ಟು, ಅದೇ ಬೂದು ಬಣ್ಣದ ಜೀವ. ನನ್ನ ಬಾಯಲ್ಲಿ ನೀರೂರಿತು. ಅಪ್ಪ ಒಂದು ಪಾಲು ಕೊಂಡರು, ಆದರೆ ತಿನ್ನಲು ಬಿಡಲಿಲ್ಲ. “ಇಲ್ಲಿನದು ಬೇಯಿಸಿ ತಿನ್ನಬೇಕು” ಎಂದರು. ಏಕೆಂದು ಕೇಳಿದೆ. ಮಾಹಿಮಿನ ಕಡೆ ಕೈ ತೋರಿಸಿದರು. ಮೀಠಿ ನದಿ ಇಡೀ ಊರಿನ ಕೊಳೆಯನ್ನು ಹೊತ್ತು ಅಲ್ಲಿ ಸಮುದ್ರಕ್ಕೆ ಬರುತ್ತದೆ.

ಅಪ್ಪ ಹೇಳಿದ್ದಕ್ಕೆ ವಿಜ್ಞಾನದ ಆಧಾರವಿದೆ. ಕಲ್ಗ ಬೇಟೆಯಾಡಿ ತಿನ್ನುವ ಪ್ರಾಣಿಯಲ್ಲ. ಅದು ಗಂಟೆಗೆ ಹಲವು ಲೀಟರ್ ನೀರನ್ನು ಒಳಗೆಳೆದು, ಸೋಸಿ, ಅದರಲ್ಲಿರುವ ಸೂಕ್ಷ್ಮ ಪಾಚಿಯನ್ನು ಉಳಿಸಿಕೊಂಡು, ನೀರನ್ನು ಹೊರಗೆ ಬಿಡುತ್ತದೆ. ಆದ್ದರಿಂದ ಕಲ್ಗ ಇರುವಲ್ಲಿ ನೀರು ತಿಳಿಯಾಗುತ್ತದೆ. ಆದರೆ ನೀರಿನಲ್ಲಿ ಚರಂಡಿಯ ರೋಗಾಣುಗಳಿದ್ದರೆ ಅವೂ, ಕಾರ್ಖಾನೆಯ ಲೋಹವಿದ್ದರೆ ಅದೂ, ಅದರ ಮೈಯಲ್ಲಿ ಸೇರಿಕೊಳ್ಳುತ್ತವೆ. ಹಸಿಯಾಗಿ ತಿನ್ನುವಾಗ ನೀವು ತಿನ್ನುವುದು ಆ ನೀರಿನ ಹಲವು ತಿಂಗಳ ಚರಿತ್ರೆಯನ್ನು. ಬೇಯಿಸಿದರೆ ರೋಗಾಣು ಸಾಯುತ್ತದೆ, ಲೋಹ ಹೋಗುವುದಿಲ್ಲ.

ಯೂರೋಪಿನವರು ಇದನ್ನು ಕಾಯ್ದೆಯನ್ನಾಗಿ ಮಾಡಿದ್ದಾರೆ. ಅಲ್ಲಿ ಚಿಪ್ಪು ಬೆಳೆಯುವ ನೀರಿಗೇ ದರ್ಜೆ ಕೊಡುತ್ತಾರೆ. ಎ ದರ್ಜೆಯ ನೀರಿನದನ್ನು ನೇರವಾಗಿ ತಿನ್ನಲು ಮಾರಬಹುದು. ಬಿ ದರ್ಜೆಯದನ್ನು ಶುದ್ಧ ನೀರಿನ ತೊಟ್ಟಿಯಲ್ಲಿ ಇಟ್ಟು, ಅದು ತನ್ನೊಳಗಿನ ಕೊಳೆಯನ್ನು ತಾನೇ ಹೊರಹಾಕಿದ ಮೇಲೆ ಮಾರಬೇಕು. ದೊಡ್ಡ ಹೋಟೆಲಿನಲ್ಲಿ ಮಂಜುಗಡ್ಡೆಯ ಮೇಲೆ, ಲಿಂಬೆಯ ಹೋಳಿನೊಂದಿಗೆ ಆರು ಚಿಪ್ಪು ಇಟ್ಟು ತರುವಾಗ ಅದರ ಬೆಲೆಯಲ್ಲಿ ಈ ಪರೀಕ್ಷೆಯ ಖರ್ಚೂ ಸೇರಿರುತ್ತದೆ. ಅಜ್ಜ ಬಂಡೆಯ ಮೇಲೆ ಒಂದನ್ನು ತಿಂದು ಸುಮ್ಮನೆ ಕೂರುತ್ತಿದ್ದದ್ದು ಇದೇ ಪರೀಕ್ಷೆಯ ಬಡವರ ರೂಪ. ಆದರೆ ನಾಲಿಗೆಗೆ ರೋಗಾಣು ಕಾಣುವುದಿಲ್ಲ. ಆದ್ದರಿಂದ ಇಂದು, ನೀರಿನ ಪರೀಕ್ಷೆ ಗೊತ್ತಿಲ್ಲದೆ, ಎಲ್ಲಿಯದನ್ನೂ ಹಸಿಯಾಗಿ ತಿನ್ನಬೇಡಿ ಎಂದೇ ನಿಮಗೆ ಹೇಳುತ್ತೇನೆ. ಯಕೃತ್ತಿನ ಕಾಯಿಲೆ, ಸಕ್ಕರೆ ಕಾಯಿಲೆ ಇರುವವರಂತೂ ಹಸಿಯದರ ಸುದ್ದಿಗೇ ಹೋಗಬಾರದು. ಬೇಯಿಸಿದ್ದನ್ನು ಸಂತೋಷವಾಗಿ ಉಣ್ಣಿ.

ಹಾಗಾದರೆ ಹಸಿ ಕಲ್ಗದ ಕತೆ ನಿಮಗೇಕೆ ಹೇಳಿದೆ? ಒಂದು ಇಡೀ ಕುಟುಂಬ, ಮುದುಕರಿಂದ ಮಕ್ಕಳವರೆಗೆ, ನದಿಯ ನೀರನ್ನು ನಂಬಿ ಬಾಯಿ ತೆರೆಯುವ ಕಾಲ ನಮ್ಮಲ್ಲಿ ಇತ್ತು ಎಂದು ನಿಮಗೆ ಗೊತ್ತಿರಲಿ ಎಂದು. ಅದು ಯಾವುದೋ ಪುರಾಣ ಕಾಲವಲ್ಲ, ನಿಮ್ಮ ಅಪ್ಪ ಅಮ್ಮಂದಿರ ಬಾಲ್ಯ.

ಕಲ್ಗದ ಮರಿ ಹುಟ್ಟಿದ ಮೇಲೆ ಎರಡು ಮೂರು ವಾರ ನೀರಿನಲ್ಲಿ ತೇಲುತ್ತದೆ. ಆಮೇಲೆ ಒಂದು ಗಟ್ಟಿ ಜಾಗ ಹುಡುಕಿ ಅಂಟಿಕೊಳ್ಳುತ್ತದೆ. ಒಮ್ಮೆ ಅಂಟಿಕೊಂಡರೆ ಜೀವಮಾನವಿಡೀ ಅಲ್ಲಿಯೇ. ನಾವಾದರೋ ಊರಿನಲ್ಲಿ ಕೆಲಸವಿಲ್ಲದಾಗ ಮುಂಬಯಿಗೆ ಬಂದೆವು. ನಾಳೆ ಇಲ್ಲಿ ಬೇಡವಾದರೆ ನೀವು ಬೆಂಗಳೂರಿಗೋ ದುಬೈಗೋ ಹೋಗುತ್ತೀರಿ. ನೀರು ಕೆಟ್ಟರೆ ಕಲ್ಗ ಎಲ್ಲಿಗೂ ಹೋಗಲಾರದು. ಅದನ್ನು ನಂಬಿದ ದಡದ ಹೆಂಗಸರೂ ಹೋಗಲಾರರು.

ಅಘನಾಶಿನಿ ಇಷ್ಟು ಕಾಲ ತಾನಾಗಿ ಉಳಿದಿದೆ ಎಂದು ತಿಳಿಯಬೇಡಿ. 2000ರ ದಶಕದಲ್ಲಿ ತದಡಿಗೆ 4,000 ಮೆಗಾವ್ಯಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಪ್ರಸ್ತಾಪ ಬಂದಿತ್ತು. ಊರವರೂ ವಿಜ್ಞಾನಿಗಳೂ ಎದ್ದು ನಿಂತರು, ಸ್ಥಾವರ ಬರಲಿಲ್ಲ. ಅಲ್ಲಿ ಬಂದರು ಕಟ್ಟುವ ಮಾತು ಬಂತು. ನದಿಯ ನೀರನ್ನು ಘಟ್ಟದ ಮೇಲಿನಿಂದಲೇ ಪೂರ್ವಕ್ಕೆ, ವೇದಾವತಿಯ ಕಡೆಗೆ ತಿರುಗಿಸುವ ಪ್ರಸ್ತಾಪವೂ ಹುಟ್ಟಿತು. ಹಿನ್ನೀರಿನ ತಳದಿಂದ ಚಿಪ್ಪಿನ ರಾಶಿಯನ್ನೂ ಮರಳನ್ನೂ ಅಗೆದು ಸಾಗಿಸುವುದು ಬೇರೆ. ಸಿಹಿನೀರು ಕಡಿಮೆಯಾದರೆ ಉಪ್ಪಿನ ಹದ ತಪ್ಪುತ್ತದೆ, ತಳ ಕಲಕಿದರೆ ಮರಿಗೆ ಅಂಟಲು ಜಾಗವಿಲ್ಲ. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಗೆ ರಾಮ್ಸಾರ್ ಪಟ್ಟಿಯಲ್ಲಿ ಸ್ಥಾನ ಸಿಕ್ಕಿತು. ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳಲ್ಲಿ ಇದೂ ಒಂದು ಎಂದಾಯಿತು. ಸಂತೋಷದ ಸುದ್ದಿ. ಆದರೆ ಪಟ್ಟಿ ಕಾವಲು ಕಾಯುವುದಿಲ್ಲ, ಜನ ಕಾಯಬೇಕು.

ಕಾಯ್ದರೆ ಫಲವಿದೆ ಎಂಬುದಕ್ಕೆ ಕೇರಳದ ಅಷ್ಟಮುಡಿ ಸರೋವರವನ್ನು ನೋಡಿ. ಅಲ್ಲಿನವರು ಬಳಚಿನ ಸಣ್ಣ ಮರಿಗಳನ್ನು ಹಿಡಿಯದಂತೆ, ಮರಿ ಹಾಕುವ ಕಾಲದಲ್ಲಿ ಕೆಲಸ ನಿಲ್ಲಿಸುವಂತೆ ತಾವೇ ಕಟ್ಟುಪಾಡು ಒಪ್ಪಿಕೊಂಡರು. 2014ರಲ್ಲಿ ಆ ಮೀನುಗಾರಿಕೆಗೆ ಅಂತಾರಾಷ್ಟ್ರೀಯ ಮಾನ್ಯತಾಪತ್ರ ಸಿಕ್ಕಿತು, ಭಾರತದಲ್ಲಿ ಅದೇ ಮೊದಲನೆಯದು. ಹೆಬ್ಬೆರಳಿಗಿಂತ ಸಣ್ಣದನ್ನು ಒಡೆಯಬೇಡ ಎಂಬ ಅಜ್ಜನ ಮಾತಿಗೂ ಅದಕ್ಕೂ ದೂರವೇನಿಲ್ಲ.

ನೀವು ಮಾಡಬಹುದಾದದ್ದು ದೊಡ್ಡ ಕೆಲಸವಲ್ಲ. ಮುಂದಿನ ರಜೆಯಲ್ಲಿ ಗೋಕರ್ಣಕ್ಕೆ ಹೋಗಿ ಕಡಲತೀರದಲ್ಲಿ ಫೋಟೋ ತೆಗೆಸಿಕೊಂಡು ಮರಳುವ ಬದಲು, ಅಲ್ಲಿಂದ ತದಡಿಗೆ ಬನ್ನಿ. ದಾರಿಯ ಸುತ್ತಿನಲ್ಲೇ ಹನೇಹಳ್ಳಿ ಇದೆ. ಮುಂಬಯಿಯಲ್ಲಿ ಬಾಳಿ ಬರೆದ ಯಶವಂತ ಚಿತ್ತಾಲರು ಹುಟ್ಟಿದ ಊರದು. ತದಡಿಯಿಂದ ದೋಣಿ ಹತ್ತಿ ಅಘನಾಶಿನಿಯ ದಡಕ್ಕೆ ದಾಟಿ. ಬಳಚು ಹೆಕ್ಕುವವರ ಜೊತೆ ಒಂದು ಇಳಿತದ ಹೊತ್ತು ನಿಂತು ಮಾತಾಡಿ, ನಿಮ್ಮ ಕನ್ನಡ ಹರುಕು ಮುರುಕಾಗಿದ್ದರೂ ಅವರು ನಗುವುದಿಲ್ಲ. ಕಳೆದ ವರ್ಷಕ್ಕಿಂತ ಈ ವರ್ಷ ಚಿಪ್ಪು ಹೇಗಿದೆ ಎಂದು ಕೇಳಿ, ಬರೆದುಕೊಳ್ಳಿ. ಮರು ವರ್ಷ ಮತ್ತೆ ಹೋಗಿ ಕೇಳಿ. ನಿಮ್ಮಲ್ಲಿ ವಿಜ್ಞಾನ ಓದುವವರು ನೀರಿನ ಮಾದರಿ ಪರೀಕ್ಷೆಯನ್ನೇ ನಿಮ್ಮ ಅಧ್ಯಯನದ ವಿಷಯ ಮಾಡಿಕೊಳ್ಳಬಹುದು. ಕಾನೂನು ಓದುವವರು ನದಿಯ ಮೇಲೆ ಬರುವ ಯೋಜನೆಗಳ ಕಾಗದಗಳನ್ನು ಓದಿ ಊರವರಿಗೆ ಕನ್ನಡದಲ್ಲಿ ತಿಳಿಸಬಹುದು. ನಮ್ಮ ಸಂಘದ ವಾರ್ಷಿಕೋತ್ಸವದಲ್ಲಿ ಅಂತಹ ಒಂದು ವರದಿಯನ್ನು ಯಾರಾದರೂ ಓದಿದರೆ ಮೊದಲ ಸಾಲಿನಲ್ಲಿ ಕುಳಿತು ನಾನು ಕೇಳುತ್ತೇನೆ.

ಅಜ್ಜ, ಅಜ್ಜಿ, ಅಪ್ಪ ಈಗಿಲ್ಲ. ಬಂಡೆಗಳಿವೆ, ದಿನಕ್ಕೆ ಎರಡು ಸಲ ನೀರು ಇಳಿಯುತ್ತದೆ. ಆ ನೀರು ಒಂದು ದಿನ ಮತ್ತೆ ಪರೀಕ್ಷೆಯಲ್ಲಿ ಗೆದ್ದು, ನೀವು ನಿಮ್ಮ ಮಕ್ಕಳಿಗೆ ಚಾಕುವಿನ ತುದಿಯಲ್ಲಿ ಒಂದು ಕಲ್ಗವನ್ನು ಧೈರ್ಯವಾಗಿ ಕೊಡುವಂತಾಗಬೇಕು. ಅದಕ್ಕೆ ಮೊದಲು ಹೋಗಿ ನೋಡಬೇಕು. ಊರಿಗೆ ರೈಲಿನ ಟಿಕೆಟ್ ತೆಗೆಯುವಾಗ ಪಂಚಾಂಗವನ್ನೂ ಒಮ್ಮೆ ತೆರೆದು, ಅಮಾವಾಸ್ಯೆಯೋ ಹುಣ್ಣಿಮೆಯೋ ಹತ್ತಿರವಿರುವ ದಿನವನ್ನೇ ಆರಿಸಿಕೊಳ್ಳಿ. ಹಳೆಯ ಚಪ್ಪಲಿ ಮರೆಯಬೇಡಿ.